ಏಳನೇ ನಂಬರಿನ ಮೊಹರು

"ಅಮೂ, ಇದನ್ನ ಸ್ವಲ್ಪ ಮೂಸಿ ನೋಡಿ," ಎಂದಳು ತೂರಾನ್.

ಉಸ್ತಾದ್ ಖುದಾಕರಮ್ ತಿರುಗಿ ನೋಡಲಿಲ್ಲ. ವಿಮಾನದ ಶೆಡ್ಡಿನ ಮೂಲೆಯಲ್ಲಿ ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ, ಅವಳಿಗೆ ಬೆನ್ನು ಮಾಡಿ, ತಮ್ಮ ಪ್ರೀತಿಯ ಬೀಬಿಗೆ ಮುಖ ಮಾಡಿ ಕೂತಿದ್ದರು. ಎಪ್ಪತ್ತರ ಮುದುಕ ಮುನಿಸಿಕೊಂಡರೆ ಸಂಭಾಳಿಸುವುದು ಏಳು ವರ್ಷದ ಮಗುವಿಗಿಂತ ಕಷ್ಟ.

"ನನ್ನ ಮಾನ ತೆಗೆದ ತುಂಡು ಅದು. ಅದನ್ನ ಮೂಸಿ ಬೇರೆ ನೋಡ್ಬೇಕಾ ನಾನು?"

ಮಾತೇನೋ ನಿಜವೇ. ತೂರಾನ್ ಕೈಯಲ್ಲಿದ್ದ ಗೇಣುದ್ದದ ಅಲ್ಯೂಮಿನಿಯಂ ಪಟ್ಟಿ ಚಿರೋಟಿಯ ಹಾಗೆ ಪದರು ಪದರಾಗಿ ಎದ್ದು ಬಿಳಿ ಪುಡಿ ಉದುರಿಸುತ್ತಿತ್ತು. ಬೀಬಿ ಎಂಬ ಮೂವತ್ತಾರು ವರ್ಷದ ವಿಮಾನದ ಹೊಟ್ಟೆಯಿಂದ, ಸಾಮಾನು ಗೂಡಿನ ಕೆಳಗಿನ ಮೂರನೇ ಅಡ್ಡತೊಲೆಯಿಂದ ಕತ್ತರಿಸಿದ್ದು ಎಂದು ಅದಕ್ಕೆ ಕಟ್ಟಿದ ಚೀಟಿ ಹೇಳುತ್ತಿತ್ತು. ನಾಲ್ಕು ತಿಂಗಳ ಹಿಂದಷ್ಟೇ ಉಸ್ತಾದರು ಅದೇ ಬೀಬಿಯನ್ನು ಪರೀಕ್ಷೆ ಮಾಡಿ, ಗಟ್ಟಿಯಾಗಿದ್ದಾಳೆ ಎಂದು ತಮ್ಮ ಏಳನೇ ನಂಬರಿನ ಮೊಹರು ಒತ್ತಿದ್ದರು. ಇವತ್ತು ಹನ್ನೆರಡು ಗಂಟೆಗೆ ಮರ್ವಾರೀದ್ ವಿಮಾನ ಕಂಪನಿಯ ಸಮಿತಿ ಕೂತು ಆ ಮೊಹರನ್ನು ವಾಪಸು ತೆಗೆದುಕೊಳ್ಳಲಿತ್ತು. ನಲವತ್ತೊಂದು ವರ್ಷದ ನೌಕರಿ, ತುಕ್ಕು ಮುಚ್ಚಿಟ್ಟವನು ಎಂಬ ಹೆಸರಿನೊಂದಿಗೆ ಮುಗಿಯಲಿತ್ತು.

ಈಗ ಹತ್ತು ಗಂಟೆ. ಹೊರಗೆ ಶರ್ಜಿ ಕವಿದಿತ್ತು. ಕಡಲಿನ ಬಿಸಿ ತೇವ ಶೆಡ್ಡಿನ ತಗಡಿನ ಮೇಲೆ ಕೂತು ಹನಿ ಹನಿಯಾಗಿ ಇಳಿಯುತ್ತಿತ್ತು. ಬುಶೆಹರಿನಲ್ಲಿ ಈ ತಿಂಗಳು ಮನುಷ್ಯರ ಮೂಳೆಯನ್ನೇ ಬಿಡುವುದಿಲ್ಲ, ಇನ್ನು ವಿಮಾನ ಯಾವ ಲೆಕ್ಕ.

ಮುನಿಸು ಮುನಿಸೇ, ಚಹಾ ಚಹಾವೇ. ಉಸ್ತಾದರು ಬೆನ್ನು ತಿರುಗಿಸದೆಯೇ ಕೆಟಲಿಗೆ ಕೈ ಹಾಕಿ ಪುಟ್ಟ ಗಾಜಿನ ಲೋಟಕ್ಕೆ ಬಗ್ಗಿಸಿದರು.

"ಕುಡಿ."

"ಬೇಡ ಅಮೂ, ತೊಂದರೆ ತಗೋಬೇಡಿ."

"ಕುಡಿ ಅಂದೆ."

"ನಿಜವಾಗ್ಲೂ ಬೇಡ."

"ನನ್ನಾಣೆ ಕುಡಿ."

ತೂರಾನ್ ಲೋಟ ತೆಗೆದುಕೊಂಡು, ಸಕ್ಕರೆ ಗಡ್ಡೆಯನ್ನು ಹಲ್ಲಿಗೆ ಕಚ್ಚಿ ಒಂದು ಗುಟುಕು ಹೀರಿದಳು. ಅವಳಿಗೆ ಮೊದಲಿನಿಂದಲೂ ಚಹಾ ಬೇಕೇ ಇತ್ತು. ಈ ಊರಿನಲ್ಲಿ ಮೊದಲನೇ 'ಬೇಡ' ಲೆಕ್ಕಕ್ಕಿಲ್ಲ, ಎರಡನೆಯದೂ ಅಷ್ಟಕ್ಕಷ್ಟೆ. ಮೂರನೇ ಸಲ ಕೇಳಿಸಿಕೊಳ್ಳದೆ ಮರ್ಯಾದಸ್ಥರು ಯಾರೂ ಏನನ್ನೂ ಮುಟ್ಟುವುದಿಲ್ಲ, ಮೂರು ಸಲ ಕೇಳದೆ ಮರ್ಯಾದಸ್ಥರು ಯಾರೂ ಸುಮ್ಮನಾಗುವುದೂ ಇಲ್ಲ. ತೆಹರಾನಿನ ವಿಮಾ ಕಂಪನಿಯಲ್ಲಿ ತನಿಖಾಧಿಕಾರಿಯಾಗಿ ಇಪ್ಪತ್ತೆರಡು ವರ್ಷ ಕಳೆದರೂ ತೂರಾನ್‌ಗೆ ಆ ಅಭ್ಯಾಸ ಬಿಟ್ಟುಹೋಗಿರಲಿಲ್ಲ. ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಉಸ್ತಾದರನ್ನು ಅಮೂ, ಅಂದರೆ ಚಿಕ್ಕಪ್ಪ, ಎಂದು ಕರೆಯುತ್ತಾ ಅವರ ಓಣಿಯಲ್ಲೇ. ತಾಯಿ ಇಲ್ಲದ ಹುಡುಗಿ ಎಂದು ಅವರ ಹೆಂಡತಿ ಎಷ್ಟು ದಿನ ಊಟಕ್ಕೆ ಕರೆದು ಮೀನು ಸಾರು ಬಡಿಸಿದ್ದರೋ. ತನಿಖೆ ಮಾಡುವವಳಿಗೆ ಪ್ರೀತಿ ಇರಬಾರದು ಎನ್ನುತ್ತಾರೆ. ಇದ್ದದ್ದನ್ನು ಇಲ್ಲ ಎನ್ನುವುದು ಹೇಗೆ?

"ಈಗ ಮೂಸಿ," ಎಂದಳು. "ನಿಮ್ಮ ಚಹಾ ಕುಡಿದಿದ್ದೀನಿ, ನನ್ನ ಮಾತು ತೆಗೆದುಹಾಕೋ ಹಾಗಿಲ್ಲ."

ಉಸ್ತಾದರು ತುಂಡನ್ನು ಹಾವು ಹಿಡಿದವರ ಹಾಗೆ ಎರಡು ಬೆರಳಲ್ಲಿ ಹಿಡಿದು ಮೂಗಿನ ಹತ್ತಿರ ತಂದರು.

"ಮೀನು," ಎಂದರು.

"ಮೀನು ಮಾತ್ರಾನಾ?"

ಮತ್ತೊಮ್ಮೆ ಎಳೆದರು. ಹುಬ್ಬು ಮೇಲೇರಿತು. "ಸಾಸಿವೆ."

ತೂರಾನ್ ತಲೆವಸ್ತ್ರದಿಂದ ಪಿನ್ನು ಕಿತ್ತು, ಪದರುಗಳ ಸಂದಿಯಿಂದ ಕಂದು ಬಣ್ಣದ ಹೊಟ್ಟೊಂದನ್ನು ಮೀಟಿ ಉಗುರಿನ ಮೇಲೆ ಇಟ್ಟು ತೋರಿಸಿದಳು. ಹುರಿದು ಕುಟ್ಟಿದ ಸಾಸಿವೆಯ ಸಿಪ್ಪೆ.

ಇಬ್ಬರ ಬಾಯಿಂದಲೂ ಒಂದೇ ಸಲ ಬಂತು: "ಮಹ್ಯಾವೆ."

ಸಣ್ಣ ಮೀನನ್ನು ಉಪ್ಪಿನಲ್ಲಿ ವಾರಗಟ್ಟಲೆ ಬಿಸಿಲಿಗಿಟ್ಟು, ಸಾಸಿವೆ ಬೆರೆಸಿ ಮಾಡುವ ಆ ಕಪ್ಪು ರಸವಿಲ್ಲದೆ ಲಾರ್ ಊರಿನವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಕುವೈತಿನಲ್ಲಿರುವ ಮಗನಿಗೆಂದು, ಮಗಳಿಗೆಂದು ಬಾಟಲಿಗಟ್ಟಲೆ ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ನಾಲ್ಕು ಸುತ್ತು ಬಟ್ಟೆ ಸುತ್ತಿದ್ದೇವೆ, ಒಂದು ಹನಿಯೂ ಸೋರುವುದಿಲ್ಲ ಎಂದು ಆಣೆ ಇಡುತ್ತಾರೆ. ಅದು ಸೋರದೇ ಇದ್ದ ದಿನವೇ ಇಲ್ಲ. ಉಪ್ಪುನೀರು ಗೂಡಿನ ನೆಲ ದಾಟಿ ಕೆಳಗಿಳಿದು, ಯಾರ ಕಣ್ಣಿಗೂ ಬೀಳದ ಕಡೆ ಲೋಹವನ್ನು ತಿನ್ನುತ್ತಾ ಕೂರುತ್ತದೆ.

"ಬೀಬಿ ಹನ್ನೊಂದು ವರ್ಷದಿಂದ ಎಲ್ಲಿಗೆ ಹಾರ್ತಾ ಇದ್ದಾಳೆ ಅಮೂ?"

"ಮಶ್‌ಹದ್‌ಗೆ. ಯಾತ್ರೆಯವರನ್ನ ಕರ್ಕೊಂಡು."

"ಯಾತ್ರೆಗೆ ಹೋಗೋರು ಯಾರಾದ್ರೂ ಮಹ್ಯಾವೆ ಹೊತ್ಕೊಂಡು ಹೋಗ್ತಾರಾ?"

"ಹೊತ್ಕೊಂಡು ಬಂದ್ರೆ ಪಕ್ಕದಲ್ಲಿ ಕೂತೋರು ಬಾಗಿಲು ತೆಗೆದು ಆಚೆ ನೂಕ್ತಾರೆ," ಎಂದು ಉಸ್ತಾದರು ಮೂರು ದಿನದಲ್ಲಿ ಮೊದಲ ಸಲ ನಕ್ಕರು. ನಗು ಅರ್ಧಕ್ಕೇ ನಿಂತಿತು. ತುಂಡನ್ನು ಈಗ ಐದೂ ಬೆರಳಲ್ಲಿ ಗಟ್ಟಿಯಾಗಿ ಹಿಡಿದರು.

ಮೂರು ದಿನದ ಹಿಂದೆ, ಬೀಬಿಯ ತೊಲೆ ಕೊಳೆತಿದೆ ಎಂಬ ವರದಿ ತುಂಡಿನ ಜೊತೆ ಬಂದ ದಿನವೇ, ಸಮಿತಿ ಅವಳ ಬಾಗಿಲಿಗೆ ಅರಗಿನ ಮುದ್ರೆ ಹಾಕಿಸಿತ್ತು. ಅದನ್ನು ಒಡೆಯಲು ತೂರಾನ್ ಕೇಳಿದ್ದ ಅನುಮತಿಪತ್ರ ಇವತ್ತು ಬೆಳಗ್ಗೆ ತೆಹರಾನಿನಿಂದ ಬಂದಿತ್ತು. ಅವಳು ಒಬ್ಬಳೇ ಹೋಗಿ ನೋಡುತ್ತೇನೆ, ನಿಮ್ಮ ಮಂಡಿ ಸರಿಯಿಲ್ಲ ಎಂದಳು. ಬೀಬಿಯ ಹೊಟ್ಟೆಗೆ ನಾನಿಲ್ಲದೆ ಇನ್ನೊಬ್ಬರು ಕೈ ಹಾಕುವುದೇ ಎಂದು ಉಸ್ತಾದರು ಅದಾಗಲೇ ಏಣಿಯ ಹತ್ತಿರ ನಿಂತಿದ್ದರು.

ಸಾಮಾನು ಗೂಡಿನೊಳಗೆ ಬೆನ್ನು ನೆಟ್ಟಗೆ ಮಾಡುವಷ್ಟು ಜಾಗವಿರಲಿಲ್ಲ. ಇಬ್ಬರೂ ಮಂಡಿಯೂರಿ ಹನ್ನೆರಡು ತಿರುಪು ಬಿಚ್ಚಿದರು. ನೆಲದ ಹಲಗೆ ಎತ್ತುತ್ತಿದ್ದಂತೆ ಕೆಳಗಿಂದ ಯಾತ್ರೆಯವರು ಹೊತ್ತು ತರುವ ಕೇಸರಿಯ, ಗುಲಾಬಿ ನೀರಿನ, ಹಳೇ ಕಲ್ಲುಸಕ್ಕರೆಯ ವಾಸನೆ ಬಂತು. ಮೂಲೆಯಲ್ಲಿ ಒಣಗಿದ ಹುಳಿ ಹಣ್ಣಿನ ಕೆಂಪು ಕಾಳುಗಳು ಬಿದ್ದಿದ್ದವು. ಮೀನಿನ ವಾಸನೆ ಎಲ್ಲೂ ಇರಲಿಲ್ಲ.

ತೂರಾನ್ ಟಾರ್ಚು ಬಿಟ್ಟಳು. ಮೊದಲನೇ ತೊಲೆ, ಎರಡನೇ ತೊಲೆ, ಮೂರನೇ ತೊಲೆ. ಹಸಿರು ಬಣ್ಣ ಅಲ್ಲಲ್ಲಿ ಮಾಸಿತ್ತು. ಗೇಣುದ್ದ ಇರಲಿ, ಉಗುರಿನಷ್ಟು ಜಾಗವನ್ನೂ ಯಾರೂ ಕತ್ತರಿಸಿರಲಿಲ್ಲ.

ಉಸ್ತಾದರು ಜೇಬಿನಿಂದ ಸವೆದ ಹಳೇ ನಾಣ್ಯ ತೆಗೆದು ತೊಲೆಯ ಉದ್ದಕ್ಕೂ ಟಕ್ ಟಕ್ ಎಂದು ಬಡಿಯುತ್ತಾ ಹೋದರು. ಲೋಹ ಒಳಗೊಳಗೇ ಪದರು ಬಿಟ್ಟಿದ್ದರೆ ಸದ್ದು ಮಂಕಾಗುತ್ತದೆ. ಇಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಗಟ್ಟಿ ಸದ್ದು. ಕೊನೆಯ ಸಲ ಬಡಿದು ಅವರು ಕೆನ್ನೆಯನ್ನು ತೊಲೆಗೆ ಒತ್ತಿ ಹಾಗೇ ಇದ್ದುಬಿಟ್ಟರು.

"ಕ್ಷಮಿಸೇ ತಾಯಿ," ಎಂದು ಬೀಬಿಗೆ ಹೇಳಿದರು. "ನಿನ್ನ ಮೇಲೆ ಅನುಮಾನ ಪಟ್ಟೆ."

ತೂರಾನ್‌ಗೆ ಆಗ ಅರ್ಥವಾಯಿತು. ಮುದುಕ ಮೂರು ದಿನದಿಂದ ತುಂಡಿನ ಕಡೆ ನೋಡದೆ ಕೂತದ್ದು ಸಿಟ್ಟಿನಿಂದಲ್ಲ. ಕಣ್ಣು ಮಂಜಾದ ವಯಸ್ಸಿನಲ್ಲಿ ನಿಜವಾಗಿಯೂ ತಾನೇ ತಪ್ಪಿದೆನೇನೋ ಎಂಬ ಹೆದರಿಕೆಯಿಂದ. ಅವರ ಕತ್ತಿನಲ್ಲಿ ತೂಗುತ್ತಿದ್ದ ಚರ್ಮದ ಚೀಲ ಮುಟ್ಟಿದಳು. ಮೊಹರು ಇಡಲೆಂದು ಅವರ ಹೆಂಡತಿ ಹೊಲಿದುಕೊಟ್ಟಿದ್ದ ಚೀಲ ಅದು. ಇದನ್ನ ಇನ್ನು ಯಾರೂ ಕೇಳಲ್ಲ ಅಮೂ, ಎಂದಳು.

ಆದರೆ ತನಿಖೆಯ ಬುದ್ಧಿ ಸುಮ್ಮನಿರುವುದಿಲ್ಲ. ಸಂತೋಷ ಒಂದು ನಿಮಿಷ ಇದ್ದಿರಬೇಕು. ತುಂಡು ಇಲ್ಲಿಯದಲ್ಲ ಎಂದಮೇಲೆ ಇನ್ನೆಲ್ಲಿಯದೋ ಆಗಿರಲೇಬೇಕು. ಎಲ್ಲಿಂದ ತಂದರೋ ಅಲ್ಲಿ ಗೇಣುದ್ದದ ತೊಲೆ ಇಲ್ಲ.

ಮರ್ವಾರೀದ್ ಕಂಪನಿಗೆ ಇರುವುದು ಎರಡೇ ವಿಮಾನ, ಎರಡೂ ಒಂದೇ ಮಾದರಿಯವು. ಅಜ್ಜಿ ಬೀಬಿ, ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳಾದ ಮದುಮಗಳು ಅರೂಸ್. ಲಾರ್‌ನಿಂದ ಕುವೈತಿಗೆ ಹಾರುವವಳು ಅರೂಸ್.

"ಅರೂಸ್ ಮೇಲೂ ನಿಮ್ಮ ಮೊಹರೇ ಇದೆ, ಅಲ್ವಾ?" ಎಂದು ತೂರಾನ್ ಮೆಲ್ಲಗೆ ಕೇಳಿದಳು.

ಉಸ್ತಾದರು ನಾಣ್ಯವನ್ನು ಜೇಬಿಗೆ ಹಾಕಲು ಹೋದರು. ಅದು ಜೇಬು ತಪ್ಪಿ ತೊಲೆಗಳ ಮಧ್ಯೆ ಬಿತ್ತು.

"ಅಮೂ, ಅಲ್ಲಿ ನೆಲ ಎತ್ತಿ ನೋಡಿದ್ರಾ?"

ಉಸ್ತಾದರು ಬಗ್ಗಿ ನಾಣ್ಯ ಹುಡುಕತೊಡಗಿದರು.

"ನೋಡಿದ್ರಾ ಇಲ್ವಾ?"

"ಮಂಡಿ ನೋವಿತ್ತು," ಎಂದರು. ಆಮೇಲೆ ಆ ಸಣ್ಣ ಸುಳ್ಳನ್ನೂ ಅವರಿಗೆ ಸಹಿಸಲಾಗಲಿಲ್ಲ. "ಮಂಡಿ ನೋವಿತ್ತು, ಆದ್ರೆ ಅದಕ್ಕಲ್ಲ. ಇಡೀ ದಿನ ರೆಕ್ಕೆ, ಬಾಲ, ಚಕ್ರ ಎಲ್ಲಾ ನೋಡಿದ್ದೆ. ಹೊಟ್ಟೆ ಒಂದು ಉಳಿದಿತ್ತು. ಆಗ ಅವರು ಬಂದು, ಉಸ್ತಾದ್, ನೆಲ ಎತ್ತಿಸ್ಲಾ, ನೋಡ್ತೀರಾ ಅಂದ್ರು. ನಾನು ಬಾಯಿಮಾತಿಗೆ, ಬೇಡ, ನಿಮಗ್ಯಾಕೆ ತೊಂದರೆ, ನೀವು ಹೇಳಿದ್ಮೇಲೆ ಮುಗೀತು ಅಂದೆ. ಇನ್ನೊಂದು ಸಲ ಕೇಳ್ತಾರೆ, ಆಗ ಹೂಂ ಅನ್ನೋಣ ಅಂತ ಇದ್ದೆ."

"ಕೇಳಲಿಲ್ಲ."

"ಕೇಳಲಿಲ್ಲ. ಸರಿ ಅಂತ ಹೇಳಿ ಕಾಗದ ಮುಂದೆ ಇಟ್ರು. ಆಮೇಲೆ ನಾನೇ ಬಾಯಿಬಿಟ್ಟು, ಇಲ್ಲ ಎತ್ತಿಸಿ ಅಂದ್ರೆ, ಅವರ ಮಾತಿನ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗ್ತಿತ್ತು. ಒತ್ತಿಬಿಟ್ಟೆ."

ತೂರಾನ್‌ಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬೇರೆ ಯಾವ ಊರಿನವನು ಕೇಳಿದರೂ ನಗುತ್ತಾನೆ. ಇವಳಿಗೆ ನಗು ಬರಲಿಲ್ಲ. ಆ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಇನ್ನೂ ಒಂದು ಗೊತ್ತಿತ್ತು: ಬುಶೆಹರಿನಲ್ಲಿ ಒಂದೇ ಸಲ ಕೇಳಿ ಸುಮ್ಮನಾಗುವವನು, ಎದುರಿನವನು ಹೂಂ ಎನ್ನಬಾರದು ಎಂದೇ ಕೇಳಿರುತ್ತಾನೆ.

"ಯಾರು ಅವರು?"

"ಅದೊಂದು ಕೇಳ್ಬೇಡ ಮಗಳೇ. ಅವರ ಮನೆ ಉಪ್ಪು ತಿಂದಿದ್ದೀನಿ."

ಉಪ್ಪೇ ಇಷ್ಟೆಲ್ಲ ಮಾಡಿದ್ದು ಎಂದು ಅವಳ ಬಾಯಿಗೆ ಬಂದಿತ್ತು, ನುಂಗಿಕೊಂಡಳು. ಹೇಳದಿದ್ದರೂ ಅವಳಿಗೆ ಒಂದು ಹೆಸರು ಹೊಳೆದಿತ್ತು.

ವರ್ಷದಿಂದ ಕಂಪನಿಯೊಳಗೆ ಒಂದೇ ಜಗಳ. ತಾತನ ಕಾಲದಿಂದ ಲೆಂಜ್ ದೋಣಿ ನಡೆಸಿ, ಆಮೇಲೆ ವಿಮಾನಕ್ಕೆ ಬಂದ ಮನೆತನ ಅದು. ಯಜಮಾನರು ಹಾಜಿ ನಾಖುದಾ. ಅವರಿಗೆ ಪಂಖದ ಹೊಸ ವಿಮಾನ ಬೇಕು. ಎಣ್ಣೆ ಕಡಿಮೆ ಕುಡಿಯುತ್ತದೆ, ಲಾರ್‌ನ ಗಿಡ್ಡ ಓಡುದಾರಿಯಲ್ಲಿ ಸಲೀಸಾಗಿ ಇಳಿಯುತ್ತದೆ, ಕಡಲ ಗಾಳಿಗೆಂದೇ ಹೊಟ್ಟೆಗೆ ಬೇರೆ ಬಣ್ಣ ಬಳಿದು ಕಳಿಸುತ್ತಾರೆ. ಸಮಿತಿಯಲ್ಲಿ ಕೂತ ಅವರ ಇಬ್ಬರು ಅಕ್ಕಂದಿರು ಮಾತ್ರ, ಬೀಬಿ ಗಟ್ಟಿಯಾಗಿದ್ದಾಳೆ ಎಂದು ಖುದಾಕರಮ್ ಹೇಳುತ್ತಿರುವಾಗ ಹೊಸದು ಯಾಕೆ ಎಂದು ಪಟ್ಟು ಹಿಡಿದಿದ್ದರು. ಹೊಸ ವಿಮಾನ ಮಾರುವವರು ಅರೂಸಳನ್ನು ಬದಲಿಗೆ ತೆಗೆದುಕೊಳ್ಳಲು ಒಪ್ಪಿದ್ದರು, ಅವಳ ಹೊಟ್ಟೆ ಚೊಕ್ಕಟವಾಗಿದ್ದರೆ.

ಅರೂಸಳ ಹೊಟ್ಟೆಯಿಂದ ಕೊಳೆತದ್ದನ್ನು ಕೊಯ್ದು ತೆಗೆದು, ಅದನ್ನೇ ಬೀಬಿಯ ಹೆಸರಿಗೆ ಹಚ್ಚಿದರೆ ಒಂದೇ ಏಟಿಗೆ ಎರಡು ಕೆಲಸ. ಕಚೇರಿಯ ಗೋಡೆ ತುಂಬ ಪಂಖದ ವಿಮಾನದ ಚಿತ್ರ ಅಂಟಿಸಿಕೊಂಡವನು ಹಾಜಿಯವರ ಕಿರಿಮಗ, ಇಂಜಿನಿಯರ್ ಶಾಪೂರ್. ಅರೂಸಳ ಕಾಗದದ ಮೇಲೆ ಉಸ್ತಾದರ ಮೊಹರಿನ ಕೆಳಗಿದ್ದ ಎರಡನೇ ಸಹಿ ಕೂಡ ಅವನದೇ.

ಅಷ್ಟರಲ್ಲಿ ಶೆಡ್ಡಿನ ತಗಡು ಗದಗುಟ್ಟಿತು. ಹೊರಗೆ ಓಡುದಾರಿಯ ಮೇಲೆ ಇಂಜಿನ್ ಮೊರೆಯುತ್ತಿತ್ತು. ಉಸ್ತಾದರಿಗೆ ಕಣ್ಣು ಮಂಜಾಗಿರಬಹುದು, ಕಿವಿ ಆಗಿರಲಿಲ್ಲ.

"ಅರೂಸ್," ಎಂದರು. "ಅವಳನ್ನ ಬದಲಿಗೆ ತಗೊಳ್ಳೋರು ಇಬ್ಬರು ಬಂದಿದ್ದಾರೆ. ಇವತ್ತು ಅವರನ್ನ ಕೂರಿಸ್ಕೊಂಡು ಒಂದು ಸುತ್ತು."

ತೂರಾನ್ ಏಣಿಯ ಅರ್ಧದಿಂದಲೇ ಹಾರಿ ಗೋಡೆಯ ಫೋನಿನ ಕಡೆ ಓಡಿದಳು. ಬಾಗಿಲಾಚೆ ಅರೂಸ್ ನೆಲ ಬಿಟ್ಟು ಕಡಲಿನ ಮೇಲಿನ ಮಬ್ಬಿನಲ್ಲಿ ಸೇರಿಹೋಗುವುದು ಕಂಡಿತು. ಅವಳು ಕಂಟ್ರೋಲ್ ಟವರಿನ ನಂಬರು ತಿರುಗಿಸುವಷ್ಟರಲ್ಲಿ ಉಸ್ತಾದರು ಕುಂಟುತ್ತಾ ಬಂದು ಅವಳ ಕೈಯಿಂದ ರಿಸೀವರ್ ತೆಗೆದುಕೊಂಡರು.

"ನೀನು ಹೇಳಿದ್ರೆ ಅವರು ಕಾಗದ ಕೇಳ್ತಾರೆ. ಮೊಹರು ಒತ್ತಿದೋನು ನಾನು."

"ಅಮೂ, ನೀವು ಹೇಳಿದ್ರೆ ಮೊಹರು ಹೋಗುತ್ತೆ."

"ಬೀಬಿಯ ಮಾನ ಉಳೀತಲ್ಲ," ಎಂದರು. ಫೋನಿನಲ್ಲಿ ಅವರ ದನಿ ನಡುಗಲಿಲ್ಲ. "ನಾನು ಖುದಾಕರಮ್, ಏಳನೇ ನಂಬರು. ಅರೂಸ್‌ನ ಮೇಲಕ್ಕೆ ಏರಿಸ್ಬೇಡಿ. ಏರಿದಷ್ಟೂ ಒಳಗಿನ ಗಾಳಿ ಹೊಟ್ಟೆ ಉಬ್ಬಿಸುತ್ತೆ. ಅಲ್ಲಿ ಒಂದು ತೊಲೆ ಕತ್ತರಿಸಿದೆ. ತಗ್ಗಿನಲ್ಲೇ ಮೆಲ್ಲಗೆ ತಿರುಗಿಸ್ಕೊಂಡು ವಾಪಸ್ ಬರೋಕೆ ಹೇಳಿ. ನಾನು ನೋಡದೇ ಮೊಹರು ಒತ್ತಿದ್ದೆ."

ಆ ಕಡೆಯವನು, ಇದನ್ನು ಬರೆದುಕೊಳ್ಳುತ್ತೇನೆ ಉಸ್ತಾದ್, ಆಮೇಲೆ ಇಲ್ಲ ಅನ್ನೋಕಾಗಲ್ಲ ಎಂದು ಹೇಳಿದ್ದು ತೂರಾನ್‌ಗೂ ಕೇಳಿಸಿತು.

"ಬರ್ಕೋ," ಎಂದರು ಉಸ್ತಾದರು.

ಪೈಲಟ್‌ಗೆ ಹೇಳಿ ಮತ್ತೆ ಫೋನ್ ಮಾಡುತ್ತೇನೆ ಎಂದವನು ಇನ್ನೂ ಏನೋ ಸೇರಿಸಿದ. ಉಸ್ತಾದರು ರಿಸೀವರ್ ಇಟ್ಟು ಗೋಡೆಗೆ ಒರಗಿದರು.

"ಶಾಪೂರ್ ಹತ್ತಿದ್ದಾನಂತೆ. ಸಹಿ ಹಾಕಿದೋನು ಮೊದಲು ತಾನು ಹತ್ತಬೇಕು ಅಂತ ಈ ಶೆಡ್ಡಿನಲ್ಲಿ ಎಲ್ಲರಿಗೂ ನಾನೇ ಕಲಿಸಿದ್ದು. ಈ ವರದಿ ಬಂದಮೇಲೆ ನಾನು ಹಾರೋ ಹಾಗಿಲ್ಲ ಅಂತ ತಡೆದಿದ್ದಾರಲ್ಲ, ಅದಕ್ಕೆ ಉಸ್ತಾದರ ಜಾಗದಲ್ಲಿ ನಾನು ಕೂರ್ತೀನಿ ಅಂತ ಕೊನೇ ಗಳಿಗೇಲಿ ಓಡಿ ಹೋಗಿ ಕೂತನಂತೆ."

ತೂರಾನ್ ಅಷ್ಟು ಚೆಂದವಾಗಿ ಪೋಣಿಸಿದ್ದ ಸರ ದಾರ ಕಿತ್ತು ಬಿತ್ತು. ತೊಲೆ ಕೊಯ್ದದ್ದು ಗೊತ್ತಿರುವವನು ಆ ವಿಮಾನದಲ್ಲಿ ತಾನಾಗಿ ಹೋಗಿ ಕೂರುವುದಿಲ್ಲ. ಉಸ್ತಾದರ ಮೊಹರು ಕಂಡಮೇಲೆ ತಾನು ನೋಡುವುದು ಅಗೌರವ ಎಂದು ಆ ಹುಡುಗನೂ ಕಣ್ಣುಮುಚ್ಚಿ ಸಹಿ ಹಾಕಿದ್ದಾನೆ, ಅಷ್ಟೆ.

ಬಾಗಿಲಲ್ಲಿ ಜಪಮಣಿಯ ಸದ್ದಾಯಿತು. ಹಾಜಿ ನಾಖುದಾ ನಿಂತಿದ್ದರು. ಬಿಳೀ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ತೂರಾನ್‌ಗೆಂದು ಖರ್ಜೂರದ ಪೊಟ್ಟಣ. ಈ ತನಿಖೆಗೆ ತೆಹರಾನಿನಿಂದ ಅವಳನ್ನೇ ಕಳಿಸಿ, ನಮ್ಮೂರ ಹುಡುಗಿ ಎಂದು ವಿಮಾ ಕಂಪನಿಗೆ ಬರೆದಿದ್ದವರು ಅವರೇ. ಪೊಟ್ಟಣವನ್ನು ಮೇಜಿನ ಮೇಲಿಟ್ಟು ಉಸ್ತಾದರ ಕಡೆ ತಿರುಗಿದರು. ಮುಖದಲ್ಲಿ ನಿಜವಾದ ದುಃಖವಿತ್ತು.

"ಖುದಾಕರಮ್, ಸಮಿತಿಯವರೆಲ್ಲ ಬೇಗ ಬಂದುಬಿಟ್ರು. ಅಷ್ಟು ಜನರ ಮುಂದೆ ನೀನು ಕೊಡೋದು ಬೇಡ ಅಂತ ನಾನೇ ಬಂದೆ. ಮೊಹರು ಹನ್ನೆರಡರ ತನಕ ನಿನ್ನ ಹತ್ರನೇ ಇರ್ಲಾ?"

"ಬೇಡ ಹಾಜಿ," ಎಂದರು ಉಸ್ತಾದರು, ಎಪ್ಪತ್ತು ವರ್ಷದ ಅಭ್ಯಾಸದ ನಾಲಿಗೆಯಿಂದ. "ನಿಮಗ್ಯಾಕೆ ತೊಂದರೆ."

ಹಾಜಿ ಎರಡನೇ ಸಲ ಕೇಳುವುದನ್ನು ತೂರಾನ್ ಕಾದಳು.

ಹಾಜಿ ಸರಿ ಎಂದು ಕೈ ಚಾಚಿದರು.

ಉಸ್ತಾದರು ಕತ್ತಿನ ಚೀಲ ಬಿಚ್ಚುತ್ತಿದ್ದರು. ಅವರು ತಲೆ ಎತ್ತಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಅವಳಿಗೆ ಅಷ್ಟು ಸಾಕಾಯಿತು.

"ಹಾಜಿ," ಎಂದಳು. "ಅರೂಸ್ ನೆಲ ಎತ್ತಿಸ್ಲಾ ಅಂತ ಆವತ್ತೂ ಹೀಗೇ ಒಂದೇ ಸಲ ಕೇಳಿದ್ರಿ."

ಹಾಜಿ ಇಲ್ಲ ಎನ್ನಲಿಲ್ಲ. ಅವರು ಹುಟ್ಟಾ ಸುಳ್ಳುಗಾರರಲ್ಲ. ಮಣಿಗಳನ್ನು ಒಂದೊಂದಾಗಿ ಉರುಳಿಸುತ್ತಾ ಬೀಬಿಯ ಕಡೆ ತಿರುಗಿದರು.

"ಕೊಳೆತ ಒಂದು ಪಕ್ಕೆಲುಬು ಕೊಯ್ದು ತೆಗೆದ್ರೆ ದೋಣಿ ಮುಳುಗಲ್ಲ ತೂರಾನ್. ನಮ್ಮಪ್ಪ ಅಂಥ ಲೆಂಜ್‌ನಲ್ಲಿ ಜಂಜಿಬಾರಿಗೆ ಹೋಗಿ ಬಂದಿದ್ರು. ಅರೂಸ್ ಒಂದು ಸುತ್ತು ಹಾಕಿ ಬಂದಿದ್ರೆ ಹೊಸದು ಬರ್ತಿತ್ತು, ಈ ಎರಡು ಮುದುಕಿಯರ ಮೇಲೆ ಜನರ ಜೀವ ತೂಗಿಬಿಡೋದು ತಪ್ತಿತ್ತು. ಖುದಾಕರಮ್‌ನ ಮನೇಲೇ ಕೂರಿಸಿ ಸಾಯೋ ತನಕ ಸಂಬಳ ಕೊಡ್ತಿದ್ದೆ. ನನಗೇನು ಅವನ ಮೇಲೆ ದ್ವೇಷವಾ?"

"ಅದು ದೋಣಿ ಅಲ್ಲ ಹಾಜಿ," ಎಂದರು ಉಸ್ತಾದರು. ಈಗ ತಲೆ ಎತ್ತಿದ್ದರು. ಅವರ ಕಣ್ಣಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮರುಕವಿತ್ತು. "ಒಳಗೆ ಶಾಪೂರ್ ಇದ್ದಾನೆ."

"ಶಾಪೂರ್ ಕಚೇರೀಲಿದ್ದಾನೆ."

"ಇಲ್ಲ. ನನ್ನ ಜಾಗದಲ್ಲಿ ಕೂತಿದ್ದಾನೆ."

ಮಣಿಗಳು ನಿಂತವು. ಅಪ್ಪನ ಲೆಂಜ್, ಜಂಜಿಬಾರ್, ಪಕ್ಕೆಲುಬು, ಅಷ್ಟು ಹೊತ್ತು ಅವರು ನಂಬಿಕೊಂಡಿದ್ದದ್ದೆಲ್ಲ ಆ ಮುಖದಿಂದ ಇಳಿದುಹೋಯಿತು. ಮೂವರೂ ಬಾಗಿಲಾಚೆಯ ಆಕಾಶಕ್ಕೆ ಕಿವಿ ಕೊಟ್ಟರು. ಶರ್ಜಿಯ ಮಬ್ಬಿನಲ್ಲಿ ಯಾವ ಇಂಜಿನ್ನಿನ ಸದ್ದೂ ಇರಲಿಲ್ಲ.

ಗೋಡೆಯ ಫೋನು ಹೊಡೆದುಕೊಳ್ಳತೊಡಗಿತು.

ಎಂಥ ಬಾಗಿಲಲ್ಲೂ ಎದುರಿನವರನ್ನು ಮೊದಲು ಕಳಿಸದೆ ಹೆಜ್ಜೆಯಿಡದ ಹಾಜಿ ನಾಖುದಾ, ಉಸ್ತಾದರನ್ನು ಪಕ್ಕಕ್ಕೆ ತಳ್ಳಿ ಹೋಗಿ ರಿಸೀವರ್ ಎತ್ತಿದರು. ಆದರೆ ಅದನ್ನು ಕಿವಿಯ ತನಕ ತರಲು ಅವರ ಕೈಯಲ್ಲಾಗಲಿಲ್ಲ. ಟವರಿನವನು ಒಳಗಿಂದ ಹಲೋ ಹಲೋ ಎನ್ನುತ್ತಲೇ ಇದ್ದ.